ರತ್ನಕ್ಕನ ಹೋಳಿಗೆ ಮತ್ತು ಸಾರಜನಕ

“ಹುಟ್ಟಿದಾಗಿಂದ ಮೂಗಿನಾಗ ಅದ ತುಂಬೈತಿ ಅಂತೀರಿ. ಮತ್ತ ಅದಕ್ಕ ವಾಸನಿ ಇಲ್ಲಂತ ನಿಮಗ ಹ್ಯಾಂಗ ಗೊತ್ತಾತ್ರಿ?”

ಗಾಳಿಯ ಮುಕ್ಕಾಲಿಗೂ ಮಿಕ್ಕ ಪಾಲು ಸಾರಜನಕವೆಂದೂ ಅದಕ್ಕೆ ಬಣ್ಣ, ರುಚಿ, ವಾಸನೆಗಳಿಲ್ಲವೆಂದೂ ನಾನು ಆಗಷ್ಟೇ ಗಂಭೀರವಾಗಿ ವಿವರಿಸಿ ಮುಗಿಸಿದ್ದೆ. ಕೇಳಿದವರು ಬ್ಯಾಟರಾಯನಪುರದ ನಮ್ಮ ಕೆಳಮನೆಯಲ್ಲಿದ್ದ ರತ್ನಕ್ಕ.

ಬಾದಾಮಿ ಕಡೆಯ ರತ್ನಕ್ಕ, ಪತಿ ಗುರುಪಾದಪ್ಪನವರು ಯಶವಂತಪುರದ ಕಾರ್ಖಾನೆಯಿಂದ ನಿವೃತ್ತರಾದ ವರ್ಷ ಶೇಂಗಾ ಹೋಳಿಗೆ ಮಾರತೊಡಗಿದರು. ಪೊಟ್ಟಣದ ಮೇಲೆ ತಮ್ಮ ಹೆಸರನ್ನೇ ಅಚ್ಚು ಹಾಕಿಸಿದ್ದರು. ಈಗ ಆ ಹೆಸರಿಗೇ ಸಂಚಕಾರ ಬಂದಿತ್ತು. ಗಂಗಾನಗರದ ಅಂಗಡಿಯ ಶಶಿರೇಖಾ ಇಡೀ ಪೆಟ್ಟಿಗೆ ವಾಪಸು ಕಳಿಸಿ, “ಅರ್ಧ ಪುಡಿ, ಅರ್ಧ ಕಮಟು ರತ್ನಕ್ಕಾ. ಇನ್ನೊಂದ್ಸಲ ಹಿಂಗಾದ್ರೆ ನಿಮ್ ಹೆಸರಿನ ಪ್ಯಾಕೆಟ್ ಇಡಲ್ಲ ಕಣ್ರೀ” ಎಂದಿದ್ದರು.

ತಪ್ಪೆಲ್ಲ ರತ್ನಕ್ಕನ ಮರ್ಯಾದೆಯದು. ಬಂದವರ ತಟ್ಟೆಯಲ್ಲಿ ಖಾಲಿ ಜಾಗ ಕಾಣಬಾರದೆಂಬ ಮನೆಯಲ್ಲಿ ಬೆಳೆದವರು, ಪೊಟ್ಟಣದಲ್ಲೂ ಕಾಣಬಾರದೆಂದು ಹೋಳಿಗೆಗಳನ್ನು ಒತ್ತಿ ತುರುಕುತ್ತಿದ್ದರು. ಒತ್ತಡಕ್ಕೆ ಅವು ಮುರಿದವು. ಸಂದಿಗಳಲ್ಲಿ ಉಳಿದ ಆಮ್ಲಜನಕ ಶೇಂಗಾದ ಎಣ್ಣೆಯನ್ನು ಕೆಡಿಸಿತು. ಸಾರಜನಕವಾದರೋ ತನ್ನ ಜೋಡಿ ಪರಮಾಣುಗಳನ್ನು ಮೂರು ಬಂಧಗಳಲ್ಲಿ ಬಿಗಿದುಕೊಂಡು ಕೂತ ಅನಿಲ. ಎಣ್ಣೆಯ ಗೊಡವೆಗೆ ಹೋಗುವುದಿಲ್ಲ.

ಪೊಟ್ಟಣಕ್ಕೆ ಅದನ್ನೇ ತುಂಬಿಸಲು ಮಾಕಳಿಯ ಒಂದು ಪ್ಯಾಕಿಂಗ್ ಘಟಕಕ್ಕೆ ಹೋದೆವು. ಯಂತ್ರ ನಡೆಸುವ ಮಣಿಕಂಠ ಸಿಲಿಂಡರಿನಿಂದ ಅನಿಲ ಬಿಟ್ಟು ಸೀಲ್ ಮಾಡಿದ. ಪೊಟ್ಟಣ ದಿಂಬಿನಂತೆ ಉಬ್ಬಿತು.

“ಇದೇನೋ ತಮ್ಮಾ, ಅರ್ಧ ಗಾಳಿ! ಮಂದಿ ನನಗ ಕಳ್ಳಿ ಅನ್ನಾಂಗಿಲ್ಲೇನು?”

“ಗಾಳಿ ಅಲ್ಲಮ್ಮ, ನೈಟ್ರೋಜನ್. ಚಿಪ್ಸ್‌ನೋರೂ ಇದನ್ನೇ ಹಾಕೋದು.”

“ಚಿಪ್ಸ್ ಮಾಡಿದಾಕಿ ಯಾರಂತ ಯಾರಿಗೆ ಗೊತ್ತೈತಿ? ಇದರ ಮ್ಯಾಲೆ ನನ್ನ ಹೆಸರು ಐತೋ!”

ಪರೀಕ್ಷಿಸದೆ ನಂಬಬಾರದೆಂದು ನಾನೂ ಹಠ ಹಿಡಿದೆ. ಕೆಲವು ಪೊಟ್ಟಣಗಳಿಗೆ ಬರೀ ಗಾಳಿ, ಕೆಲವಕ್ಕೆ ಸಾರಜನಕ. ಮೂವತ್ತನೆಯ ದಿನ ಗುರುಪಾದಪ್ಪನವರ ಕಣ್ಣಿಗೆ ಬಟ್ಟೆ ಕಟ್ಟಿ ತಿನ್ನಿಸಿದೆವು. ಗಾಳಿಯದನ್ನು ಬಾಯಿಗಿಟ್ಟೊಡನೆ “ಇದು ಹ್ವಾದ ದೀಪಾವಳಿದೇನ?” ಎಂದರು. ಸಾರಜನಕದ್ದನ್ನು ನಿಧಾನವಾಗಿ ಜಗಿದು, “ಇನ್ನೊಂದ ಕೊಡು, ಖಾತ್ರಿ ಮಾಡ್ಕೋಬೇಕು” ಎಂದರು. ಖಾತ್ರಿಯಾಗಲು ಆರು ಹೋಳಿಗೆ ಬೇಕಾದವು.

ಶಶಿರೇಖಾ ಒಪ್ಪಿದರು. ಮುಂದೆ ಆರು ವರ್ಷ ಒಂದು ಪೊಟ್ಟಣವೂ ವಾಪಸು ಬರಲಿಲ್ಲ. ಪ್ರಯೋಗದ ಫಲ ಕಂಡ ಮೇಲೆ ರತ್ನಕ್ಕನ ಅಳುಕು ಹೋಯಿತೆಂದೇ ನಾನು ತಿಳಿದಿದ್ದೆ.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮಗಳು ಪ್ರತಿಭಾ ಕೆಲಸ ಮುಂದುವರಿಸಿ, ಮೇಲೆ ಅಚ್ಚಾಗಿದ್ದಂತೆಯೇ ಪೊಟ್ಟಣಕ್ಕೆ ಹತ್ತು ಹೋಳಿಗೆ ತುಂಬಿ ಕಳಿಸಿದಳು. ವಾರದೊಳಗೆ ಶಶಿರೇಖಾ ಫೋನು ಮಾಡಿದರು.

“ಗಿರಾಕಿಗಳು ಜಗಳಕ್ಕೆ ಬರ್ತಿದಾರೆ ಕಣಮ್ಮ, ಒಂದು ಕಮ್ಮಿ ಇದೆಯಂತೆ. ನಿಮ್ಮಮ್ಮ ಯಾವಾಗ್ಲೂ ಹನ್ನೊಂದು ಹಾಕ್ತಿದ್ರು. ಯಾಕೆ ಅಂತ ಕೇಳಿದ್ರೆ, ‘ಗಾಳಿ ಮಾರಾಕತ್ತೀನಲ್ಲ, ಅದಕ್ಕ ದಂಡ’ ಅನ್ನೋರು.”