ಬಿಳಿ ಡಬ್ಬಿಯ ಪರವಾಗಿ

ಮೊನ್ನೆ ಕೊಲ್ಹಾಪುರದ ಅಂಗಡಿಯೊಂದರಲ್ಲಿ ಅಕ್ಕಪಕ್ಕ ಇಟ್ಟಿದ್ದ ಎರಡು ವಿಡಿಯೋ ಗೇಮ್ ಡಬ್ಬಿಗಳನ್ನು ಕಂಡು ನನಗೆ ಸಿಟ್ಟು ಬಂತು. ಆಟದ ಸಾಮಾನು ನೋಡಿ ಸಿಟ್ಟಾಗುವ ವಯಸ್ಸು ನನ್ನದಲ್ಲ, ಒಪ್ಪುತ್ತೇನೆ. ಆದರೆ ನೀವೇ ಹೇಳಿ. ಯಾವ ಕಂಪನಿಯ ಬಿಳಿ ಡಬ್ಬಿಗಾಗಿ ನಾನು ಬಳಗದವರೊಂದಿಗೆಲ್ಲ ಜಗಳ ಕಾದೆನೋ, ಆ ಕಂಪನಿಯದು ಈಗ ಕಪ್ಪಗಾಗಿದೆ. ಯಾವ ಕಂಪನಿಯ ಕರಿ ಡಬ್ಬಿಯನ್ನು ಹಳಿದೆನೋ, ಅವರದು ಈಗ ಬೆಳ್ಳಗೆ ಹೊಳೆಯುತ್ತ ನಿಂತಿದೆ.

ಪಕ್ಕದಲ್ಲಿ ನನ್ನ ಗಂಡ ಬಸು ಮೀಸೆಯಲ್ಲೇ ನಗುತ್ತಿದ್ದ. "ಬಿಳೇದ ತಗೊಳ್ಳೂಣು. ನಿನಗ ಮೊದಲಿಂದ ಬಿಳೇದಂದ್ರ ಜೀವ ಅಲ್ಲ?" ಎಂದ. ಈ ಮನುಷ್ಯನ ಕಪಟ ನಿಮಗೆ ಅರ್ಥವಾಗಬೇಕಾದರೆ ನಿಮ್ಮನ್ನು ಒಮ್ಮೆ ಕೊರೋಚಿಗೆ ಕರೆದೊಯ್ಯಬೇಕು.

ಇಚಲಕರಂಜಿಗೆ ಅಂಟಿಕೊಂಡ ಕೊರೋಚಿಯಲ್ಲಿ ನಮ್ಮದು ಮಗ್ಗದ ಮನೆ. ಪಡಸಾಲೆಗೊಂದು ಗೋಡೆ, ಗೋಡೆಯಾಚೆ ಸದಾ ಬಡಿಯುವ ಪಾವರ್‌ಲೂಮುಗಳು. ನಾವು ಸುಮ್ಮನೆ ಮಾತಾಡಿದರೂ ಜಗಳದಂತೆ ಕೇಳುತ್ತದೆ ಎಂದು ಪರಊರಿನವರು ಆಡಿಕೊಳ್ಳುತ್ತಾರೆ. ನಮ್ಮ ನಿಜವಾದ ಜಗಳ ಅವರಿನ್ನೂ ಕೇಳಿಲ್ಲ. ನೆಂಟರು ಬಂದಾಗ ಅವರ ಮುಂದಿಟ್ಟ ಚಹಾದ ಕಪ್ ಬಸಿಯಲ್ಲಿ ಕಿಣಿಕಿಣಿ ಎನ್ನುತ್ತಿತ್ತು. ಅವರು ಗಾಬರಿಯಾಗಿ ಎರಡೂ ಕೈಯಲ್ಲಿ ಕಪ್ ಹಿಡಿಯುತ್ತಿದ್ದರು. ಇವರಿಗೇನಾಯಿತಪ್ಪ ಎಂದು ನಾವು ಮುಖ ಮುಖ ನೋಡಿಕೊಳ್ಳುತ್ತಿದ್ದೆವು.

ನಾನು ಕಾಲೇಜು ಸೇರಿದ ವರ್ಷ ಅಪ್ಪ ಆ ಬಿಳಿ ಡಬ್ಬಿ ತಂದರು. ಅಂಗಡಿಯಲ್ಲಿ ಎರಡು ಕಂಪನಿಯವು ಇದ್ದವಂತೆ. "ಬಿಳೇ ಅರಬಿ ನೇಯಾವ್ರ ಮನಿಗೆ ಬಿಳೇದ ಇರಲಿ" ಎಂದು ಆರಿಸಿದ್ದರು. ಅದೇ ದೀಪಾವಳಿಗೆ ಗಡಹಿಂಗ್ಲಜದಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನಮ್ಮ ಸೋದರಮಾವ ತಮ್ಮ ಮಗನಿಗೆ ಕರಿ ಡಬ್ಬಿ ಕೊಡಿಸಿದರು. ಆ ಮಗನೇ ಬಸು. ಹುಟ್ಟಿದಾಗಿನಿಂದ ಬಳಗದವರು ನಮ್ಮಿಬ್ಬರಿಗೆ ಗಂಟು ಹಾಕಿಟ್ಟಿದ್ದರು. ನಾವು ಮಾತ್ರ ಡಬ್ಬಿಯ ಮೇಲೆ ಹೋರಾಡುತ್ತಿದ್ದೆವು.

ಅವನದು ಕನ್ನಡಿಯಂತೆ ಮಿರುಗುತ್ತಿತ್ತು. ಆದರೆ ಖಾರದಪುಡಿ ಹತ್ತಿದ ಬೆರಳಿಂದ ಮುಟ್ಟಿದರೆ ಮುಗಿಯಿತು, ಅಚ್ಚು ಮೂಡುತ್ತಿತ್ತು. ಅದರ ರಿಮೋಟನ್ನು ಚಾರ್ಜಿಗೆ ಹಚ್ಚಿ ಕಾಯಬೇಕು. ನನ್ನದಕ್ಕೆ ಪೆನ್ಸಿಲ್ ಸೆಲ್ ಹಾಕಿದರಾಯಿತು, ಮೂಲೆಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಅವನದರಲ್ಲಿ ಸಿನಿಮಾ ಚೆಂದ ಕಾಣುತ್ತಿತ್ತು, ಇಲ್ಲವೆನ್ನಲಾರೆ. ಸಿನಿಮಾ ನೋಡುವವರು ಟಾಕೀಸಿಗೆ ಹೋಗಲಿ. ನನ್ನ ರಿಮೋಟು ಅಂಗೈಯಲ್ಲಿ ಅಡಗಿ ಕೂರುವ ಸುಖ ಅವನದಕ್ಕೆ ಎಲ್ಲಿಂದ ಬರಬೇಕು?

ಒಂದೇ ಒಂದು ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ಡಬ್ಬಿ ಡಿಸ್ಕುಗಳನ್ನು ಕೆಡಿಸುತ್ತಿತ್ತು. ಹೊಸ ಡಿಸ್ಕು ಹಾಕಿ ಕೆಲವು ದಿನ ಆಡಿ ತೆಗೆದರೆ ಅದರ ಮೇಲೆ ದುಂಡಗೆ ಗೀರು ಬಿದ್ದಿರುತ್ತಿತ್ತು, ಆಟ ಅರ್ಧಕ್ಕೆ ನಿಲ್ಲುತ್ತಿತ್ತು. ಬಸು ಬಂದಾಗಲೆಲ್ಲ ಆ ಡಿಸ್ಕುಗಳನ್ನು ಬೆಳಕಿಗೆ ಹಿಡಿದು, "ನಿನ್ನ ಡಬ್ಬಿನ ಖರಾಬ ಐತಿ. ಒಪ್ಪಿಕೊಂಡು ಬಿಡು" ಎನ್ನುತ್ತಿದ್ದ. ನಾನು ಒಪ್ಪಲಿಲ್ಲ. ಕಾರಣ ಗೊತ್ತಿರಲಿಲ್ಲ, ಆದರೂ ಒಪ್ಪಲಿಲ್ಲ.

ಮದುವೆ ನಿಶ್ಚಯವಾದಾಗ ಡಬ್ಬಿಯ ಪ್ರಶ್ನೆ ಎದ್ದಿತು. ಅವ್ವ ಹೇಳಿದಳು, "ಅಲ್ಲೊಂದು ಐತಿ. ಈ ಕೆಟ್ಟಿದ್ದು ಯಾಕ ಹೊತಗೊಂಡು ಹೋಗ್ತಿ?"

"ಅದು ಬಸೂಂದು. ಇದು ನಂದು. ಇದು ಬರದಿದ್ರ ನಾನೂ ಹೋಗಾಂಗಿಲ್ಲ."

ಹಟ ಎಂದರು. ಹಟವೇ. ಬಿಟ್ಟು ಹೋಗಿದ್ದರೆ ಆ ಮನೆಯಲ್ಲಿ ಬಾಳೆಲ್ಲ ಅವನ ಆಟ ಮುಗಿಯಲೆಂದು ಕಾಯುತ್ತ ಕೂರುವವಳು ನಾನೇ ಆಗುತ್ತಿದ್ದೆ.

ನಮ್ಮ ಕಡೆ ಮದುಮಗಳು ತವರಿನಿಂದ ತರುವ ಸಾಮಾನನ್ನು ಕಲ್ಯಾಣಮಂಟಪದಲ್ಲಿ ಸಾಲಾಗಿ ಇಟ್ಟು ತೋರಿಸುತ್ತಾರೆ. ರುಖವತ ಅನ್ನುತ್ತಾರೆ. ಲಾಡು, ಚಕ್ಕುಲಿ, ಕಸೂತಿಯ ದಿಂಬುಗಳ ನಡುವೆ ನಾನೇ ಬಿಳಿ ಡಬ್ಬಿಯನ್ನಿಟ್ಟು, ಮೇಲೊಂದು ಸೇವಂತಿಗೆ ಸಿಕ್ಕಿಸಿದೆ. ಅತ್ತಿ, ಅಂದರೆ ಬಸುವಿನ ತಾಯಿ, ಅದನ್ನೇ ನೋಡುತ್ತ ನಿಂತು "ಇದೇನವಾ, ಇಡ್ಲಿ ಮಾಡೂದೇನು?" ಎಂದು ಕೇಳಿದರು. ಬಸು ತಲೆ ತಗ್ಗಿಸಿದ. ಅಕ್ಷತೆಯ ಭಾರಕ್ಕಲ್ಲ.

ಗಡಹಿಂಗ್ಲಜದ ಮನೆಯ ಮೌನದಲ್ಲಿ ಬಿಳಿ ಡಬ್ಬಿಯ ಫ್ಯಾನು ದೊಡ್ಡದಾಗಿ ಕೇಳತೊಡಗಿತು. "ಹಿಟ್ಟಿನ ಗಿರಣಿ ತಂದಾಳ" ಎಂದ ಬಸು. ಅನ್ನಲಿ ಬಿಡಿ, ಮಗ್ಗದ ಮನೆಯವಳಿಗೆ ಆ ಸದ್ದೇ ಆಸರೆ. ಆಡಿದೆ. ಹೊಸ ಡಿಸ್ಕು ಹಾಕಿ ದಿನಾ ಆಡಿದೆ. ತಿಂಗಳು ಕಳೆದ ಮೇಲೆ ಒಂದು ಭಾನುವಾರ ಅವನು ಪಂಚಾಯ್ತಿ ಮಾಡುವವನಂತೆ ಡಿಸ್ಕು ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದ. ಹೊರಳಿಸಿದ. ಅಂಗಿಯಿಂದ ಒರೆಸಿ ಮತ್ತೆ ಹಿಡಿದ. ಗೀರೇ ಇಲ್ಲ.

ನನಗೂ ಅಚ್ಚರಿ. ಆಗ ಡಬ್ಬಿಯ ಪಕ್ಕದಲ್ಲಿ ನಾನೇ ಇಟ್ಟಿದ್ದ ನೀರಿನ ಲೋಟದ ಮೇಲೆ ಕಣ್ಣು ಬಿತ್ತು. ಲೋಟದ ನೀರು ಸುಮ್ಮನೆ ನಿಂತಿತ್ತು. ಕೊರೋಚಿಯ ನಮ್ಮ ಪಡಸಾಲೆಯಲ್ಲಿ ನೀರು ಹಾಗೆ ನಿಂತದ್ದನ್ನು ನಾನು ಕಂಡಿರಲೇ ಇಲ್ಲ. ಅಲ್ಲಿ ಡಬ್ಬಿ ಇದ್ದದ್ದು ಮಗ್ಗಗಳ ಗೋಡೆಗೆ ಬಡಿದ ಹಲಗೆಯ ಮೇಲೆ. ಗೋಡೆ ನಡುಗುತ್ತಿತ್ತು, ಹಲಗೆ ನಡುಗುತ್ತಿತ್ತು, ಒಳಗೆ ಗರಗರ ತಿರುಗುವ ಡಿಸ್ಕು ಎಲ್ಲೋ ತಗುಲಿ ಗೀಚಿಕೊಳ್ಳುತ್ತಿತ್ತು. ಆ ನಡುಕದಲ್ಲೇ ಹುಟ್ಟಿ ಬೆಳೆದ ನಮಗೆ ಅದು ನಡುಕವೆಂದು ಅನ್ನಿಸಿರಲೇ ಇಲ್ಲ. ನೆಂಟರು ಕಪ್ ಹಿಡಿದುಕೊಂಡದ್ದೇಕೆಂದೂ ಅವತ್ತೇ ತಿಳಿಯಿತು.

"ಹಂಗಾರ ಡಬ್ಬೀದು ಏನೂ ತಪ್ಪಿಲ್ಲ" ಎಂದು ಬಸು ಗೊಣಗಿದ.

"ಅತ್ತೀ ಮುಂದ ಹೇಳು. ಜೋರಾಗಿ ಹೇಳು" ಎಂದೆ. ನಾಲ್ಕು ಜನರೆದುರು ಗಂಡನಿಗೆ ರೀ ಅನ್ನುತ್ತೇನೆ. ಡಬ್ಬಿಯ ವಿಷಯದಲ್ಲಿ ಅನ್ನುವುದಿಲ್ಲ. ಅವನು ಹೇಳಿದ. ಅತ್ತಿಗೆ ಏನೂ ತಿಳಿಯಲಿಲ್ಲ. ನನಗಾದ ಸಂತೋಷ ಮಾತ್ರ ಈಗಲೂ ಆರಿಲ್ಲ.

ಆ ಬಿಳಿ ಡಬ್ಬಿ ಈ ಶ್ರಾವಣದವರೆಗೂ ನಡೆಯಿತು. ಅವನ ಕರಿಯದು ಅದಕ್ಕೂ ಮೊದಲೇ ಕಣ್ಣು ಮುಚ್ಚಿತ್ತು. ಅದಕ್ಕೇ ಮೊನ್ನೆ ಆ ಅಂಗಡಿಗೆ ಹೋಗಿದ್ದು, ಒಂದೇ ಕೊಳ್ಳುವುದೆಂದು ನಿಶ್ಚಯಿಸಿ. ಬಿಳಿ ಬಣ್ಣದ ಆಸೆ ತೋರಿಸಿ ತನ್ನ ಕಂಪನಿಯನ್ನು ಮನೆಯೊಳಗೆ ತೂರಿಸಲು ನೋಡಿದನಲ್ಲ, ಇವನ ಕಪಟ ಈಗ ತಿಳಿಯಿತೇ?

ಅಂಗಡಿಯವನು ನನ್ನತ್ತ ನೋಡಲೂ ಇಲ್ಲ. ಬಸುವಿಗೇ ಮರಾಠಿಯಲ್ಲಿ, ಮಗನಿಗೋ ಎಂದು ಕೇಳಿದ: "ಮುಲಾಸಾಠೀ ಕಾ, ಸರ್?"

"ನಾಹೀ" ಎಂದೆ, ಕೊರೋಚಿಯ ದನಿಯಲ್ಲಿ. "ಮಾಝ್ಯಾಸಾಠೀ."

ನನಗೇ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ನನ್ನ ಕಂಪನಿಯ ಕರಿ ಡಬ್ಬಿಯ ಮೇಲೆ ಕೈಯಿಟ್ಟೆ. ಬಸು ಬಿಳಿಯದರ ಕಡೆ ನೋಡಿ ನಿಟ್ಟುಸಿರು ಬಿಟ್ಟ. ಬಿಡಲಿ.