ದೊಡ್ಡ ಟೈರಿನ ಜೀಪು

ಹತ್ತಿ ವ್ಯಾಪಾರಿಯೊಬ್ಬರ ಜೀಪು ಓಡಿಸುತ್ತಿದ್ದಾಗ, ಎರಿಮಣ್ಣಿನ ಕೆಸರಿಗೆ ಅಂಜಬಾರದೆಂದು ಹಟ ಹಿಡಿದು ದೊಡ್ಡ ಟೈರು ಹಾಕಿಸಿದೆ. ಸ್ಟೇರಿಂಗ್ ಬೀಸುವ ಕಲ್ಲಿನಷ್ಟು ಭಾರವಾಯಿತು. ಪೂರ್ತಿ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ತಿಕ್ಕುತ್ತಿತ್ತು. ನನ್ನ ತೋಳು ಗಟ್ಟಿ ಇದ್ದವು, ತಲೆ ಕೆಡಿಸಿಕೊಳ್ಳಲಿಲ್ಲ.

ಒಂದಿನ ಮೊರಬ ಊರು ದಾಟಿ ಹೊಲದ ದಾರಿ ಹಿಡಿದಿದ್ದೆ. ಎದುರಿಗೆ ಹೆಸರುಕಾಳಿನ ಚೀಲ ಹೇರಿದ ಚಕ್ಕಡಿ ಬಂತು. ನನ್ನ ಜೀಪು ಖಾಲಿ; ಹೇರಿದ ಗಾಡಿಗೆ ಖಾಲಿ ಗಾಡಿಯೇ ದಾರಿ ಬಿಡಬೇಕು. ಬಾಜೂ ಹೊಲಕ್ಕೆ ಇಳಿಸಲು ಹೋದೆ, ಗಾಲಿ ಅರ್ಧ ತಿರುಗಿ ಮಡ್‌ಗಾರ್ಡಿಗೆ ಸಿಕ್ಕಿ ನಿಂತುಬಿಟ್ಟಿತು.

ಚಕ್ಕಡಿಯ ಮುದುಕ ಇಳಿದು ಬಂದು ಟೈರು ತಟ್ಟಿ ನೋಡಿದ.

“ಗಾಲಿ ಭಾರಿ ಅದಾವ್ರಿ. ಹಿಂದಕ್ಕ ಹೋಗ್ತೈತೇನ್ರಿ ಇದು?”

“ಯಾಕ ಹೋಗಂಗಿಲ್ಲ, ಕಾಕಾ?”

“ಹಂಗಾದ್ರ ಹೋಗ್ರಿ. ನನ್ನ ಎತ್ತು ಹೋಗಂಗಿಲ್ಲ.”

ಊರ ಅಗಸಿಬಾಗಿಲ ತನಕ ಹಿಂದಹಿಂದಕ್ಕೇ ಓಡಿಸಿದೆ. ಎತ್ತುಗಳು ನನ್ನ ಮುಖ ನೋಡುತ್ತಲೇ ಬಂದವು. ಏನೇ ಅನ್ನಿ, ಕೆಸರಿನಲ್ಲಿ ಮಾತ್ರ ಎಲ್ಲೂ ಸಿಕ್ಕಿಬೀಳಲಿಲ್ಲ.