ಹೆಸರು ಕೇಳಿದ ಮಧ್ಯಾಹ್ನ

ವಿದ್ಯಾರ್ಥಿಗಳಿಗೆ ಕಾಲೇಜು ಹೇಗನಿಸುತ್ತಿದೆ ಎಂದು, ಹೆಸರು ಬರೆಯಬೇಕಿಲ್ಲದ ಫಾರಂ ತುಂಬಿಸಿಕೊಳ್ಳಲು ನಾಗಪುರಕ್ಕೆ ಹೋಗಿದ್ದೆ. ಪರದೆಯಿಂದ ಸೋಸಿ ಬಂದ ಬಿಸಿಲಿನಲ್ಲಿ ಇಡೀ ತರಗತಿ ನೀರಿನೊಳಗೆ ತೇಲುವಂತೆ ಕಾಣುತ್ತಿತ್ತು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಖಾಲಿ ಫಾರಂ ಹಿಡಿದು ಕೂತಿದ್ದಳು. ನಾನು ಫೋನಿನಲ್ಲಿ ಆಡಿದ ಮಾತು ಕೇಳಿ, "ಸರ್, ಕನ್ನಡದವರೇನ್ರಿ?" ಎಂದಳು. ಅವಳಪ್ಪ ಧಾರವಾಡದಿಂದ ವರ್ಗವಾಗಿ ಬಂದ ರೈಲ್ವೆ ನೌಕರರಂತೆ.

"ಯಾಕಮ್ಮ, ಏನೂ ಬರೆದಿಲ್ಲ?"

"ಮೂರು ವರ್ಷ ಆತ್ರಿ, ಇಲ್ಲಿ ನಂಬರ್ ಹೇಳೇ ಕರೀತಾರ. ಹೆಸರು ಒಬ್ಬರೂ ಕೇಳಿಲ್ರಿ. ಕಾಲೇಜು ಬಿಡಬೇಕು ಅನಸ್ತೈತಿ."

"ನಿನ್ನ ಹೆಸರೇನು?"

ಅವಳು ನಗುತ್ತ, ಫಾರಂ ತುಂಬ ಮರಾಠಿ ಅಕ್ಷರದಲ್ಲಿ 'ಶಿವಲೀಲಾ' ಎಂದು ಬರೆದುಕೊಟ್ಟಳು.

ಹೆಸರು ಬರೆದ ಫಾರಂ ನಡೆಯುವುದಿಲ್ಲವೆಂದು ನಮ್ಮ ಕಚೇರಿಯವರು ಅದೊಂದನ್ನು ತೆಗೆದುಹಾಕಿದರು. ಆ ದಿನ ನನ್ನಿಂದಾದ ಕೆಲಸ ಬಹುಶಃ ಆ ಹೆಸರು ಕೇಳಿದ್ದೊಂದೇ.